ಚಾಪೆಯ ಹೊಸ ಬದಿ

ದಕ್ಷಿಣದ ಗಾಳಿ ಎದ್ದು ಹತ್ತು ದಿನವಾಗಿತ್ತು. ಸೋಮವಾರ ಬೆಳಿಗ್ಗೆ, ಮೀನಿನ ದೋಣಿಗಳು ದಡ ಮುಟ್ಟಿ ಹೆಂಗಸರು ಬುಟ್ಟಿ ಹೊತ್ತು ಕೆಳಗಿಳಿಯುವ ಹೊತ್ತು. ಟಾಂಗಾದ ನಮ್ಮ ಬೀದಿಯಲ್ಲಿ ಕಾಫಿಯವನ ಜಗಲಿಯ ಮೇಲೆ ಸೆಫು ಕೂತಿದ್ದ. ಕೈಯಲ್ಲಿ ಸಣ್ಣ ಬಟ್ಟಲು, ಎರಡನೆಯ ಗುಟುಕು ಇನ್ನೂ ನಾಲಿಗೆಯ ಮೇಲೇ ಇತ್ತು. ಆಗ ಮಸೀದಿಯಲ್ಲಿ ಬಾಂಗು ಕೊಡುವವನು ಓಡೋಡಿ ಬಂದು, ಡರ್ಬನ್‌ನಿಂದ ಫೋನು ಬಂತು, ಹಿದಾಯಾಳ ಗಂಡ ಮಬ್ರೂಕಿ ತೀರಿಕೊಂಡನಂತೆ, ಎಂಟು ದಿನವಾಯಿತಂತೆ, ಮಣ್ಣೂ ಆಯಿತಂತೆ ಎಂದ. ಜಗಲಿಯ ಮೇಲಿದ್ದವರೆಲ್ಲ ಒಂದೇ ಉಸಿರಿಗೆ ನಾವು ದೇವರವರು, ಅವನಲ್ಲಿಗೇ ಮರಳುವವರು ಎಂದರು. ಸೆಫುವೂ ಅಂದ. ಆದರೆ ತುಟಿ ಅಷ್ಟನ್ನು ಹೇಳುತ್ತಿದ್ದಾಗ ಎದೆಯೊಳಗೆ ಏನೋ ಹಗುರಾದದ್ದು ಅವನಿಗೆ ತಿಳಿಯಿತು. ಬಹಳ ದಿನ ಚುಚ್ಚುತ್ತಿದ್ದ ಮೀನಿನ ಮುಳ್ಳು ತಾನಾಗಿ ಕೆಳಗಿಳಿದ ಹಾಗೆ. ಸತ್ತವನು ಇನ್ನು ಬಂದು ಕೇಳುವುದಿಲ್ಲ. ಈ ಹಗುರಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಗಿ, ಕಾಫಿಯನ್ನು ಮಣ್ಣಿಗೆ ಚೆಲ್ಲಿದ. ಕ್ಷೌರದವನು ನೋಡಿ, "ಸೆಫು, ನಿನ್ನ ಹಾಡು ಇವತ್ತಿಗೆ ಮುಗೀತು ಕಣಯ್ಯ," ಅಂದ, ನಗದೆಯೇ. "ಅವಳೂ ಪಾಪ, ನಾಡಿದ್ದು ಪೆಂಬಾಕ್ಕೆ ಹೊರಟಿದ್ಲು. ತಂಗಿ ಉಳಿಯಲ್ಲ ಅಂತ ಹೇಳಿ ಕಳಿಸಿದ್ರು. ಇನ್ನೆಲ್ಲಿ ಹೋಗ್ತಾಳೆ? ಗಂಡ ಸತ್ತವಳು ಇದ್ದತ್ತು ಕೂರಬೇಕಲ್ಲ. ನಾಲ್ಕು ತಿಂಗಳು ಹತ್ತು ದಿನ."

ಮುಳ್ಳು ಇಳಿದಿರಲಿಲ್ಲ, ಸ್ವಲ್ಪ ಜಾಗ ಬದಲಿಸಿತ್ತು ಅಷ್ಟೆ. ನಾಲ್ಕು ತಿಂಗಳು ಹತ್ತು ದಿನ, ಬಿಳಿ ಬಟ್ಟೆ, ಕನ್ನಡಿ ಇಲ್ಲ, ಬಾಚಣಿಗೆ ಇಲ್ಲ, ಹೊಸಿಲು ದಾಟುವಂತಿಲ್ಲ. ಪೆಂಬಾದಲ್ಲಿ ತಂಗಿ ಅಕ್ಕಾ ಅಕ್ಕಾ ಎನ್ನುತ್ತಾ ಹೋಗಿಬಿಡುತ್ತಾಳೆ. ಇಷ್ಟನ್ನೂ ಹಿದಾಯಾ ಯಾರಿಗಾಗಿ ಕೂರಬೇಕೋ ಅವನು ಅವಳ ಗಂಡನೇ ಅಲ್ಲ. ಇಪ್ಪತ್ತೇಳು ವರ್ಷದಿಂದ ಅಲ್ಲ. ಇದು ಈ ಬೀದಿಯಲ್ಲಿ, ಈ ಊರಲ್ಲಿ, ಈಗ ಭೂಮಿಯ ಮೇಲೆಯೇ ಒಬ್ಬನಿಗೆ ಮಾತ್ರ ಗೊತ್ತು.

ಆ ವರ್ಷ ಮೊಂಬಾಸಾದ ಬಂದರಿನಲ್ಲಿ ಮಬ್ರೂಕಿ ದಪ್ಪ ಹಗ್ಗದ ಸುರುಳಿಯ ಮೇಲೆ ಕೂತು ಹುರಿದ ಮರಗೆಣಸು ತಿನ್ನುತ್ತಿದ್ದ. ಮೆಣಸಿನ ಪುಡಿ ಅವನ ಮೀಸೆಗೆ ಅಂಟಿತ್ತು. ಮದುವೆಯೊಂದಕ್ಕೆ ನುಡಿಸಲು ಮೇಳದವರು ಅಲ್ಲಿಗೆ ಹೋಗಿದ್ದರು. ಸೆಫು ತನ್ನ ಪಿಟೀಲನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ, ಜೊತೆಗೆ ಡೋಲಿನ ಕೊಂಬೊ ಇದ್ದ. ಊರು ಬಿಟ್ಟು ಮೂರು ವರ್ಷವಾದವನನ್ನು ಕಂಡ ಸಂತೋಷಕ್ಕೆ ಸೆಫು ಅವನ ಹೆಗಲು ತಟ್ಟಿದ. ಮಬ್ರೂಕಿ ಆ ಕೈಯನ್ನು ತೆಗೆದು ಬದಿಗಿಟ್ಟ, ತಟ್ಟೆ ಸರಿಸಿದ ಹಾಗೆ. ಆಮೇಲೆ ಅಗಿಯುತ್ತಲೇ ಮಾತಾಡಿದ. "ನೀನೇ ಅಲ್ವೇನೋ ಆ ಪದ ಕಟ್ಟಿದ್ದು? ಲಾಮುಗೆ ಹೋದ್ರೆ ಅಲ್ಲೂ ಅದೇ. ಇಲ್ಲಿ ಚಾದಂಗಡಿಗೆ ಹೋದ್ರೆ ಇಲ್ಲೂ ಅದೇ. ಹಡಗಿನಲ್ಲಿ ಅಡುಗೆಯವನು ಈರುಳ್ಳಿ ಹೆಚ್ಚುತ್ತಾ ಅದನ್ನೇ ಗುನುಗ್ತಾನೆ. ಎಲ್ಲಿ ಹೋದ್ರೂ ಅವಳು ನಂಗೋಸ್ಕರ ಕಾಯ್ತಾ ಕೂತಿದಾಳೆ. ಅಷ್ಟು ಕಾದಿರೋಳ ಮುಂದೆ ಹೋಗಿ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳಲಿ? ಬರೋಣ ಅಂತಲೇ ಇದ್ದೆ. ಇನ್ನು ಬರಲ್ಲ." ಮೀಸೆ ಒರೆಸಿಕೊಂಡ. "ನೀವಿಬ್ಬರು ಸಾಕ್ಷಿ," ಎಂದು ಹೇಳಿ ಮೂರು ಸಲ ತಲಾಖ್ ಹೇಳಿದ. ಕೊನೆಯದನ್ನು ಹೇಳುವಾಗ ಬಾಯಲ್ಲಿ ಗೆಣಸು ಇತ್ತು. "ಅವಳಿಗೆ ತಲುಪಿಸು," ಅಂದ.

ತಲುಪಿಸಬೇಕು ಎಂದೇ ಸೆಫು ಬಸ್ಸು ಹತ್ತಿದ್ದ. ಆದರೆ ಆ ಹಾಡು, ಅಯ್ಯೋ, ಆ ಹಾಡು ಆಗಷ್ಟೇ ಎದ್ದಿತ್ತು. ಹಾಡಿನಲ್ಲಿ ಇದ್ದದ್ದೇನು? ಅಲೆಗೆ ಹೇಳುವುದು ಒಂದು ನುಡಿ, ದೀಪಕ್ಕೆ ಹೇಳುವುದು ಒಂದು ನುಡಿ, ಮೂರನೆಯದು ಚಾಪೆಯದು. *ಚಾಪೆಯ ಒಂದು ಬದಿ ಸವೆದಿದೆ, ಇನ್ನೊಂದು ಬದಿ ಹೊಸದಾಗಿಯೇ ಇದೆ. ಹೊಸ ಬದಿಯನ್ನು ದಿನಾ ಗುಡಿಸುತ್ತೇನೆ, ನೀನು ಮಲಗಿ ಎದ್ದವನ ಹಾಗೆ.* ಮೊದಲ ಸಲ ಅದನ್ನು ಹಾಡಿದ್ದು ಬಂದರಿನ ಗುಮಾಸ್ತನ ಮಗಳ ಮದುವೆಯಲ್ಲಿ. ನಮ್ಮಲ್ಲಿ ಹೆಂಗಸರು ತಾರಬ್ ಎಂಬ ಈ ಮದುವೆ ಮೇಳದ ಹಾಡನ್ನು ಕೂತು ಕೇಳಿ ಸುಮ್ಮನಾಗುವುದಿಲ್ಲ. ತಮ್ಮ ಮಾತನ್ನೇ ಹಾಡು ಆಡಿತು ಎನಿಸಿದ ನುಡಿಗೆ ಎದ್ದು, ಸೊಂಟ ತೂಗುತ್ತಾ ನಿಧಾನ ನಡೆದು ಬಂದು, ಹಾಡುವವಳ ಕೈಗೆ ಒಂದು ನೋಟು ಇಟ್ಟು ಹೋಗುತ್ತಾರೆ. ಇಟ್ಟರೆ ಆ ನುಡಿ ಇಟ್ಟವಳದು. ಸವತಿಗೆ ಕುಟುಕುವ ನುಡಿಯಾದರೆ ಸವತಿ ಮುಖ ತಿರುಗಿಸುತ್ತಾಳೆ, ನೆರೆಯವಳನ್ನು ಮೂದಲಿಸುವುದಾದರೆ ನೆರೆಯವಳು ಎದ್ದುಹೋಗುತ್ತಾಳೆ. ಅವತ್ತು ಮೂರನೆಯ ನುಡಿಗೆ ಯಾರೂ ಏಳಲಿಲ್ಲ. ಎದ್ದರೆ ನನ್ನ ಚಾಪೆ ಬರಿದು ಎಂದು ಊರ ಮುಂದೆ ಒಪ್ಪಿಕೊಂಡ ಹಾಗೆ, ಯಾರು ಏಳುತ್ತಾರೆ? ಹಿದಾಯಾ ಎದ್ದಳು. ಮೂವತ್ತು ತುಂಬದ ಹೆಂಗಸು, ಕಂದು ಅಂಚಿನ ಕಾಂಗಾ ತಲೆಯ ಮೇಲೆಳೆದು, ತೂಗದೆ, ಬಾವಿಗೆ ನೀರಿಗೆ ಹೋಗುವವಳ ಹಾಗೆ ನಡೆದು ಬಂದಳು. ನೋಟು ಇಟ್ಟಳು. ಸೆಫುವಿನ ಕಮಾನು ತಂತಿಯ ಮೇಲೆ ನಡುಗಿ ಒಂದು ಸ್ವರ ತಪ್ಪಿತು, ಜನ ಅದನ್ನೂ ಹಾಡಿನದೇ ಎಂದುಕೊಂಡರು. ಅಂದಿನಿಂದ ಆ ನುಡಿ ಅವಳದಾಯಿತು, ಅವಳು ಆ ನುಡಿಯವಳಾದಳು. ಅವಳು ಮುಂದಿನ ಚಾಪೆಯಲ್ಲಿ ಇಲ್ಲದ ಮದುವೆಗೆ ಮದುವೆಯ ಕಳೆಯೇ ಇಲ್ಲ ಎನ್ನುವಷ್ಟಾಯಿತು. ಇಂಥ ಹೊತ್ತಿನಲ್ಲಿ, ನಿನ್ನನ್ನು ಬಿಟ್ಟಾಯಿತು, ಕಾಯುವುದಕ್ಕೆ ಏನೂ ಇಲ್ಲ ಎಂದು ಹೋಗಿ ಹೇಳುವುದೇ? ನಾಳೆ ಹೇಳೋಣ ಅಂದುಕೊಂಡ. ಕೊಂಬೊ ಅವನಿಗೆ, ನೀನು ಹೇಳು, ನೀನು ಹೇಳು ಅಂದ. ಎರಡನೆಯ ಮಳೆಗಾಲಕ್ಕೆ ಕೊಂಬೊ ಜ್ವರದಲ್ಲಿ ಸತ್ತ.

ಅಷ್ಟೇ ಆಗಿದ್ದರೆ ಸುಮ್ಮನಿದ್ದದ್ದು ಎನ್ನಬಹುದಿತ್ತು. ಆದರೆ ಅವಳು ಒಮ್ಮೆ ಬಂದು ಕೇಳಿದ್ದಳು. ಬಡಗಿ ನಸೋರೊ ಆಗ ಹೆಂಡತಿ ಸತ್ತು ಒಂಟಿಯಾಗಿದ್ದ. ಒಳ್ಳೆಯವನು, ಮಾತು ಕಡಿಮೆ, ಯಾರ ಮನೆಯ ಬಾಗಿಲು ಕಿರುಗುಟ್ಟಿದರೂ ಕರೆಯದೆ ಬಂದು ಸರಿಮಾಡಿ ಹೋಗುವವನು. ಅವನು ಹಿರಿಯರ ಕೈಲಿ ಹೇಳಿಕಳಿಸಿದ್ದ: ಗಂಡ ಬಿಟ್ಟಿದ್ದರೆ, ಖಾಜಿ ಒಪ್ಪಿದರೆ, ನಾನು ಕೇಳುತ್ತೇನೆ ಎಂದು. ಹಿದಾಯಾ ಸೆಫುವಿನ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಹೆಬ್ಬೆರಳಿನಿಂದ ಮಣ್ಣು ಕೆದರುತ್ತಾ, ಸೆಫು ಅಣ್ಣ, ಮೊಂಬಾಸಾದಲ್ಲಿ ನೀನು ಅವರನ್ನ ಕಂಡಿದ್ದೆ ಅಂದ್ರು, ನಂಗೇನಾದ್ರೂ ಹೇಳಿದ್ರಾ ಎಂದು ಕೇಳಿದಳು. ಆ ಶನಿವಾರ ರೇಡಿಯೋದವರು ಹಾಡನ್ನು ತುಂಬಿಕೊಳ್ಳಲು ಬರುವವರಿದ್ದರು. ಸೆಫು ಅವಳ ಹೆಬ್ಬೆರಳನ್ನೇ ನೋಡುತ್ತಾ, "ಸಲಾಂ ಹೇಳಿದ," ಅಂದ. ಅವಳ ಮುಖದಲ್ಲಿ ಒಂದು ಬೆಳಕು ಬಂತು, ಒಂದು ಆರಿತು. ಎರಡನ್ನೂ ಅವನು ಕಂಡ. ನಸೋರೊ ಮರುವರ್ಷ ಪಂಗಾನಿಯ ಕಡೆಯ ಹೆಣ್ಣು ತಂದ.

ಸೋಮವಾರ ಸಂಜೆ ಸೆಫುವಿನ ಹೆಂಡತಿ ಚೌಸಿಕು ಸಾವಿನ ಮನೆಯಿಂದ ಬಂದು, ಕಾಲು ತೊಳೆದು, ಹೊಸಿಲ ಬಳಿ ಕೂತು ಎಲ್ಲವನ್ನೂ ಹೇಳಿದಳು. ಹಿದಾಯಾಳಿಗೆ ಹೆಂಗಸರೆಲ್ಲ ಸೇರಿ ಸ್ನಾನ ಮಾಡಿಸಿದರಂತೆ, ಬಿಳಿ ಉಡಿಸಿದರಂತೆ, ಗೋಡೆಯ ಕನ್ನಡಿ ತೆಗೆದು ಮುಖ ಒಳಗೆ ಮಾಡಿ ಇಟ್ಟರಂತೆ. ಅವಳು ಅಳಲಿಲ್ಲವಂತೆ. ಬೋಟಿನ ಚೀಟಿಯನ್ನು ಮಾತ್ರ ಮುಷ್ಟಿಯಿಂದ ಬಿಡಲಿಲ್ಲವಂತೆ. ಬಿಡಿಸೋಣ ಎಂದರೆ, ಇರಲಿ ಬಿಡ್ರಮ್ಮ, ಕೈಗೆ ಬಿಸಿ ಆದ್ರೂ ಇದೆ ಅಂದಳಂತೆ. ರಾತ್ರಿಯ ಅಡುಗೆಗೆ ತೆಂಗಿನಕಾಯಿ ತುರಿಯಲು ಚೌಸಿಕು ಒಳಗೆ ಹೋದಳು. ಸೆಫು ಅವಳ ಬೆನ್ನನ್ನೇ ನೋಡುತ್ತಾ ಕೂತ. ಹಾಡು ಹೊಸದರಲ್ಲಿ, ಊರೆಲ್ಲ ಅದನ್ನು ಹೊಗಳುತ್ತಿದ್ದಾಗ, ಇವಳು ಒಂದೇ ಒಂದು ಮಾತು ಆಡಿದ್ದಳು. "ಆ ಚಾಪೆ ನಂದು." ಅಷ್ಟೇ. ಅವಳು ಹೇಳಿದ್ದು ನಿಜ. ಹಿದಾಯಾಳ ಚಾಪೆಯನ್ನು ಅವನು ಎಲ್ಲಿ ಕಂಡಿದ್ದ? ಮದುವೆಯಿಂದ ಮದುವೆಗೆ ಅಲೆದು ಬೆಳಗಿನ ಜಾವ ಮನೆಗೆ ಬಂದವನು, ಹೆಂಡತಿ ಮಲಗಿದ್ದ ಚಾಪೆಯ ತನ್ನ ಬದಿ ಹಸಿರು ಬಣ್ಣವೂ ಮಾಸದೆ ಹಾಗೇ ಇರುವುದನ್ನು ಕಂಡಿದ್ದ; ಕಂಡು, ಆಹಾ ಎಂಥ ಸಾಲು ಎಂದು ಖುಷಿಪಟ್ಟಿದ್ದ. ಚೌಸಿಕು ಯಾವ ಮದುವೆಯಲ್ಲೂ ಆ ನುಡಿಗೆ ಎದ್ದವಳಲ್ಲ. ಅಷ್ಟರಲ್ಲಿ ಇನ್ನೊಬ್ಬಳು ಎದ್ದಾಗಿತ್ತು.

ಮಂಗಳವಾರ ಅವನು ಸಾವಿನ ಮನೆಯ ಮುಂದೆ ಗಂಡಸರಿಗೆ ಹಾಸಿದ್ದ ಚಾಪೆಯ ಅಂಚಿನಲ್ಲಿ ಕೂತ. ಚಪ್ಪಲಿ ಬಿಡುವಾಗ ಪಟ್ಟಿ ಕಿತ್ತುಬಂತು. ಅದನ್ನು ಸರಿಮಾಡುವ ನೆವದಲ್ಲಿ ಬಹಳ ಹೊತ್ತು ತಲೆ ತಗ್ಗಿಸಿದ. ಎದುರಿಗೆ ನಸೋರೊ, ಈಗ ಹಲ್ಲಿಲ್ಲದ ಮುದುಕ, ಬೆರಳ ಸಂದಿಯಲ್ಲಿ ಇನ್ನೂ ಮರದ ಹೊಟ್ಟು. ದೊಡ್ಡ ಪಾತ್ರೆಯಲ್ಲಿ ಅನ್ನ ಬಂತು. ಆರು ಜನ ಒಂದೇ ತಟ್ಟೆಗೆ ಕೈಹಾಕಿದರು. ತಿನ್ನುತ್ತಾ ತಿನ್ನುತ್ತಾ ಕ್ಷೌರದವನು, ಮಬ್ರೂಕಿಗೆ ಅಲ್ಲಿ ಇನ್ನೊಂದು ಸಂಸಾರ ಇತ್ತೋ ಏನೋ ಎಂದು ತೆಗೆದ. ಇನ್ನೊಬ್ಬ, ಇದ್ದರೇನು, ನಾಲ್ಕರವರೆಗೆ ಅಪ್ಪಣೆ ಇದೆ, ನಿನಗೆ ಒಂದಕ್ಕೇ ಚಾ ಕಾಯಿಸಲು ಆಗಲ್ಲ ಎಂದು ಛೇಡಿಸಿದ. ನಸೋರೊ ನಗಲಿಲ್ಲ. ಅನ್ನವನ್ನು ಬೆರಳಲ್ಲಿ ಒತ್ತಿ ಉಂಡೆ ಮಾಡುತ್ತಾ ಸೆಫುವಿನ ಕಡೆ ನೋಡದೆ, "ನೀನು ಅವನನ್ನ ನೋಡಿದ್ಯಲ್ಲ ಅವತ್ತು ಮೊಂಬಾಸಾದಲ್ಲಿ. ಏನಂದ?" ಎಂದ. ಇಪ್ಪತ್ತೇಳು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ ಅದು. "ಸಲಾಂ ಹೇಳಿದ," ಅಂದ ಸೆಫು. ಅದೇ ಎರಡು ಮಾತು, ಅದೇ ಧ್ವನಿ. ಪಿಟೀಲಿನ ಮೇಲೆ ಬೆರಳು ಹಳೆಯ ಜಾಗಕ್ಕೆ ತಾನಾಗಿ ಹೋಗುವ ಹಾಗೆ ನಾಲಿಗೆ ಹೋಗಿತ್ತು. ನಸೋರೊ ತಲೆಯಾಡಿಸಿ ಉಂಡೆಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆಯಲು ಎದ್ದ.

ಆ ಉಂಡೆ ಅಲ್ಲೇ ಇತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಅದನ್ನು ನೋಡುತ್ತಾ ನೋಡುತ್ತಾ ಸೆಫುವಿಗೆ ಕೂರಲಾಗದೆ, ಇಳಿಹೊತ್ತಿನ ಅಸರ್ ನಮಾಜಿಗೆ ಎಲ್ಲರೂ ಮಸೀದಿಯ ಕಡೆ ಹೋದಾಗ ಹಿಂದೆ ಉಳಿದು, ಹಿತ್ತಲಿನಿಂದ ಒಳಗೆ ಹೋಗಿ ಪರದೆಯ ಈಚೆ ನಿಂತ. ಧೂಪದ ವಾಸನೆ ಇತ್ತು. ಪರದೆಯ ಕೆಳಗೆ ಬಿಳಿ ಬಟ್ಟೆಯ ಒಂದು ಅಂಚು, ಬಿರುಕುಬಿಟ್ಟ ಒಂದು ಹಿಮ್ಮಡಿ. ಹಿದಾಯಾ, ನಾನು ಸೆಫು ಅಂದ. ಆಮೇಲೆ ಎಲ್ಲವನ್ನೂ ಹೇಳಿದ. ಬಂದರು, ಹಗ್ಗದ ಸುರುಳಿ, ಅಗಿಯುತ್ತಲೇ ಮೂರು ಸಲ, ಕೊಂಬೊ, ನಾಳೆ ನಾಳೆ ಅಂದದ್ದು. ಹಿಮ್ಮಡಿ ಅಲುಗಲಿಲ್ಲ. ಅವಳು, ಆಗ ಏನು ತಿನ್ತಿದ್ರು ಎಂದು ಕೇಳಿದಳು. ಮರಗೆಣಸು ಅಂದ. ಮೈಯಲ್ಲಿ ಚೆನ್ನಾಗಿದ್ರಾ? ಚೆನ್ನಾಗಿದ್ದ. ಹಾಡು ಕೇಳಿದ್ರಾ? ಸೆಫುವಿಗೆ ಇಲ್ಲಿಯೂ ಸುಳ್ಳು ಹೇಳಲು ಒಂದು ದಾರಿ ಕಂಡಿತು, ಆದರೆ ಹಿಮ್ಮಡಿಯ ಬಿರುಕುಗಳನ್ನು ನೋಡಿ, ಕೇಳಿದ್ದ, ಅದಕ್ಕೇ ಬರಲಿಲ್ಲ ಅಂದ.

ಹೊರಗೆ ಕಾಫಿಯವನು ಬಟ್ಟಲುಗಳನ್ನು ಟಣಟಣ ಕುಟ್ಟುತ್ತಾ ಹೋದ. "ನಾನು ನಿನ್ನ ಹಿತ್ತಲಿಗೆ ಬಂದಿದ್ದೆ," ಅಂದಳು ಹಿದಾಯಾ.

"ಹೌದು."

"ಎಷ್ಟೋ ಮದುವೆಗಳಲ್ಲಿ ಏಳೋಕೆ ಮನಸ್ಸಿರಲಿಲ್ಲ ಕಣಣ್ಣ. ಮೊಣಕಾಲು ನೋವು. ಆದ್ರೂ ಎಲ್ಲರೂ ತಿರುಗಿ ನನ್ನೇ ನೋಡ್ತಿದ್ರು. ಏಳ್ತಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಾಳೆ ಬೆಳಿಗ್ಗೆ ಬೋಟು. ನಾನು ಹೋಗ್ತೀನಿ. ಆದ್ರೆ ವಿಧವೆ ಇದ್ದತ್ತು ಮುರಿದು ಓಡಿಹೋದ್ಲು ಅಂತಾರೆ. ತಂಗಿ ಮನೆಯವರೂ ಹೊಸಿಲಲ್ಲೇ ನಿಲ್ಲಿಸ್ತಾರೆ. ನನ್ನ ಮಾತು ಯಾರು ನಂಬ್ತಾರೆ? ನೀನು ಗಂಡಸರ ಮುಂದೆ ಹೇಳ್ತೀಯಾ?"

"ಹೇಳ್ತೀನಿ," ಅಂದ ಸೆಫು. ಅಂದಾಗ ನಿಜವಾಗಿಯೇ ಅಂದ. ಪರದೆಯಾಚೆ ಇನ್ನೊಂದು ಉಸಿರು ಕೇಳಿದ ಹಾಗಾಯಿತು, ಗಾಳಿಯಿರಬೇಕು ಎಂದುಕೊಂಡ.

ನಮಾಜು ಮುಗಿಸಿ ಗಂಡಸರು ಮರಳಿ ಬಂದು ಕೂತರು. ಸೆಫು ನಡುವಿನಲ್ಲಿ ಕೂತ, ಈ ಸಲ ಅಂಚಿನಲ್ಲಲ್ಲ. ಮಾತು ತೆಗೆಯಲು ಒಂದು ಸಂದು ಬೇಕಿತ್ತು. ಆದರೆ ಇಮಾಮರು ಸತ್ತವನಿಗಾಗಿ ದುಆ ಓದಿದವರು ಅಲ್ಲಿಗೇ ನಿಲ್ಲಿಸದೆ, ತಾಳ್ಮೆಯ ಮೇಲೆ ಎರಡು ಮಾತು ಆಡಿದರು. ಈ ಮನೆಯ ಹೆಣ್ಣುಮಗಳನ್ನು ನೋಡಿ, ಮೂವತ್ತು ವರ್ಷ, ಒಂದು ಕಪ್ಪು ಮಾತಿಲ್ಲ, ಊರಿನ ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ, ನಾನು ಹಾಡು ಗೀಡು ಎಂದರೆ ದೂರ, ಆದರೂ ನಮ್ಮ ಸೆಫು ಕಟ್ಟಿದ್ದು ಹಾಡಲ್ಲ, ಸಾಕ್ಷಿ ಎಂದರು. ಎಲ್ಲರೂ ಸೆಫುವಿನ ಕಡೆ ತಿರುಗಿದರು. ಪಕ್ಕದಲ್ಲಿದ್ದವನು ಅವನ ತೊಡೆ ತಟ್ಟಿದ. ಇಷ್ಟು ವರ್ಷದಲ್ಲಿ ಇಮಾಮರು ಅವನ ಹೆಸರನ್ನು ಹತ್ತು ಜನರ ನಡುವೆ ಎತ್ತಿದ್ದು ಇದೇ ಮೊದಲು. ಪಿಟೀಲಿನವನೆಂದು ಅವನ ಸಲಾಮಿಗೆ ಅರ್ಧ ಬಾಯಲ್ಲಿ ಉತ್ತರ ಕೊಡುತ್ತಿದ್ದವರು. ಸೆಫುವಿನ ಬಾಯಿ ತೆರೆಯಿತು. ಯಾರೋ ಅದಕ್ಕೆ ಕಾಫಿಯ ಬಟ್ಟಲು ಹಿಡಿದರು. ಕುಡಿದ. ಕತ್ತಲಾಯಿತು. ನಾಳೆ, ಅಂದುಕೊಂಡ. ಅಂದುಕೊಂಡ ಮೇಲೆ ಆ ಶಬ್ದ ಅವನಿಗೇ ಕೇಳಿಸಿತು.

ಬುಧವಾರ ಸೂರ್ಯ ಮೂಡುವ ಮೊದಲೇ ಅವನು ಬಂದರಿನಲ್ಲಿದ್ದ. ಮಂಜುಗಡ್ಡೆ ಕಾರ್ಖಾನೆಯ ಗೋಡೆಯ ಹಿಂದೆ. ಅವಳು ಬಂದಾಗ ಹೊರಗೆ ಹೋಗಿ ಎಲ್ಲರ ಮುಂದೆ ಹೇಳುವುದು ಎಂದೇ ಬಂದವನು. ಅವಳು ಬಂದಳು. ಬಿಳಿಯಲ್ಲ, ಕಂದು ಅಂಚಿನ ಕಾಂಗಾ. ಅದೇ ಹಳೆಯದೋ, ಅಂಥದೇ ಇನ್ನೊಂದೋ. ಹಿಂದೆ ಗಂಟು ಹೊತ್ತು ನಸೋರೊ. ಅವನಿಗೆ ಅವಳು ಏನು ಹೇಳಿದ್ದಳೋ, ಏನೂ ಹೇಳದೆಯೇ ಬಂದಿದ್ದನೋ. ಮೀನು ಹರಾಜಿನ ಜನ ತಿರುಗಿ ನೋಡಿದರು. ಒಬ್ಬಳು ಮುದುಕಿ ಮುಂದೆ ಬಂದು, ಮೂರು ದಿನದ ಊಟ ಕೂಡ ಆಗಿಲ್ಲ, ನಾಚಿಕೆ ಆಗಲ್ವೇನೇ, ತಿರುಗಿ ಹೋಗೆ ಎಂದಳು. ಯಾರೋ ಉಗುಳಿದರು, ಅವಳ ಮೇಲಲ್ಲ, ನೆಲಕ್ಕೆ, ಆದರೆ ಅವಳ ಕಾಲ ಹತ್ತಿರ. ಹಿದಾಯಾ ಮುಂದೆ ನಡೆದಳು. ಮೆಟ್ಟಿಲ ಮೇಲೆ ನಿಂತು, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಜನರ ಮುಖಗಳನ್ನು ಒಂದೊಂದಾಗಿ ನೋಡಿದಳು. ಬೋಟಿನವನು ಹತ್ತಿ ಅಂದ. ಸ್ವಲ್ಪ ತಡೀಪ್ಪ ಅಂದಳು. ಅವನು ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ತಡೆದ. ಗೋಡೆಯ ಹಿಂದೆ ಸೆಫುವಿನ ಬೆನ್ನಿಗೆ ಮಂಜುಗಡ್ಡೆಯ ತಣುಪು ತಾಗುತ್ತಿತ್ತು. ಇಪ್ಪತ್ತು ಹೆಜ್ಜೆ. ಕಿತ್ತ ಚಪ್ಪಲಿ, ಜನ, ನಿನ್ನೆ ತೊಡೆ ತಟ್ಟಿದವನು ಅಲ್ಲೇ ನಿಂತಿದ್ದಾನೆ. ಹೆಂಗಸೊಬ್ಬಳು ಕಾಯುವುದನ್ನು ಕಣ್ಣಾರೆ ಅವನು ನೋಡಿದ್ದು ಅದೇ ಮೊದಲು. ಹಾಡಿನಲ್ಲಿ ಇದ್ದ ಹಾಗೆ ಇರಲಿಲ್ಲ. ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು, ಮೂಗು ಒರೆಸಿಕೊಂಡಳು, ಒಮ್ಮೆ ಆಕಳಿಸಿದಳು. ಆಮೇಲೆ ಕೈ ಕೆಳಗಿಳಿಸಿ ಬೋಟು ಹತ್ತಿದಳು.

ಊರು ಎರಡು ದಿನ ಅದನ್ನೇ ಅಗಿಯಿತು. ಚೌಸಿಕು ಹೊರಗಿನಿಂದ ಬಂದಾಗೆಲ್ಲ, ಬಾವಿಯ ಹತ್ತಿರ ಹೀಗೆ ಅಂದರು, ಹಿಟ್ಟಿನ ಗಿರಣಿಯಲ್ಲಿ ಹಾಗೆ ಅಂದರು ಎಂದು ಹೇಳಿ, ಹೇಳಿದ ಮೇಲೆ ಸ್ವಲ್ಪ ಹೊತ್ತು ಅವನ ಮುಖ ನೋಡುತ್ತಾ ನಿಲ್ಲುತ್ತಿದ್ದಳು. ಅವನು ಪಿಟೀಲಿಗೆ ಹೊಸ ತಂತಿ ಕಟ್ಟುತ್ತಿದ್ದ, ಕಮಾನಿಗೆ ರಾಳ ತಿಕ್ಕುತ್ತಿದ್ದ. ಶುಕ್ರವಾರ ಜುಮ್ಮಾ ನಮಾಜಿನ ನಂತರ ಮರುದಿನದ ಮದುವೆಯ ಮನೆಯವರು ಬಂದರು. ಹಳೆಯ ಹಾಡು ಬೇಕೇ ಬೇಕು, ಆದರೆ ಮೂರನೆಯ ನುಡಿಗೆ ಒಂದು ಜೋಡಿ ನುಡಿ ಕಟ್ಟಿಕೊಡಬೇಕು, ಅಷ್ಟು ವರ್ಷ ಕಾದವಳು ನಾಲ್ಕು ತಿಂಗಳು ಕೂರಲಾರದೆ ಹೋದಳು ಎಂದು, ಹೆಂಗಸರು ಸಾಲುಗಟ್ಟಿ ಏಳುತ್ತಾರೆ ನೋಡು ಸೆಫು ಅಣ್ಣ ಎಂದರು. ಸೆಫು, ಬೆರಳು ನೋವು, ನೋಡೋಣ ಎಂದು ಕಳಿಸಿದ. ಕಳಿಸಿ ಕೂತ. ಬೇಡ ಬೇಡ ಎಂದರೂ ಅದು ಬಂತು. ಮಂಜುಗಡ್ಡೆಯ ಗೋಡೆಯ ಹಿಂದೆಯೇ ಬಂದಿತ್ತೋ ಏನೋ. *ಚಾಪೆ ಸುತ್ತಿ ಮೂಲೆಗಿಟ್ಟಳು, ಬಾಗಿಲು ಗಾಳಿಗೆ ಬಿಟ್ಟಳು.* ತಾಳಕ್ಕೆ ಸರಿಯಾಗಿ ಕೂತಿತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನ ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು.

ಬೆರಳನ್ನೇ ನೋಡುತ್ತಾ ಚೌಸಿಕು ಎದುರಿಗೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಮಂಗಳವಾರ ಪರದೆ ಹಿಂದೆ ನಾನೂ ಇದ್ದೆ," ಅಂದಳು. "ಅವಳ ತಲೆಗೆ ಎಣ್ಣೆ ಹಾಕೋ ಹಾಗಿಲ್ಲ ಅಂತ ಸುಮ್ನೆ ಕೈಯಲ್ಲಿ ನೀವ್ತಾ ಕೂತಿದ್ದೆ. ಎಲ್ಲಾ ಕೇಳಿಸ್ಕೊಂಡೆ."

ಅವನ ಬೆರಳು ನಿಂತಿತು. ಹಾಗಾದರೆ ನೀನೇ ಯಾಕೆ ಹೇಳಲಿಲ್ಲ ಎಂದು ಕೇಳಿದ. ಕೇಳಿದ ಮೇಲೆ ನಾಚಿಕೆಯಾಯಿತು.

"ನನ್ನ ಬಾಯಿಂದ ಬಂದ್ರೆ ಅದು ಹೆಂಗಸರ ಜಗಳ ಆಗುತ್ತೆ. ನಿಮ್ಮ ಬಾಯಿಂದ ಬಂದ್ರೆ ಸಾಕ್ಷಿ. ಬುಧವಾರ ಕಾದೆ. ನಿನ್ನೆ ಕಾದೆ. ಇವತ್ತು ಜುಮ್ಮಾ, ಇವತ್ತಾದ್ರೂ ಹೇಳಿ ಬರ್ತೀರಿ ಅಂತ ಬಾಗಿಲಲ್ಲೇ ನಿಂತಿದ್ದೆ." ಆಮೇಲೆ, "ನುಡಿ ಕಟ್ಟಾಯ್ತಾ?" ಎಂದು ಕೇಳಿದಳು. ಅವನು ಇಲ್ಲ ಎನ್ನಲಿಲ್ಲ. ಅವಳು ಒಳಗೆ ಹೋಗಿ ಒಲೆಗೆ ಸೌದೆ ಇಟ್ಟಳು. ಆ ರಾತ್ರಿಯೂ ತೆಂಗಿನ ಹಾಲಿನ ಸಾರು ಮಾಡಿ ಬಡಿಸಿದಳು, ಉಪ್ಪು ಸರಿಯಾಗಿಯೇ ಇತ್ತು.

ಹಿದಾಯಾ ಹೋದದ್ದು ಬುಧವಾರ. ತಂಗಿಯ ಮುಖ ಸಿಕ್ಕಿತೋ ಇಲ್ಲವೋ, ಪೆಂಬಾದಿಂದ ಸುದ್ದಿ ಬರಲಿಲ್ಲ. ಚೌಸಿಕು ಹೋದದ್ದು ಶನಿವಾರ, ಮೇಳದವರು ಮದುವೆಗೆಂದು ಡೋಲು ಬಿಸಿಲಿಗಿಡುವ ಹೊತ್ತಿಗೆ. ಮುಹೇಜಾದ ಅಣ್ಣನ ಮನೆಗೆ, ಬಸ್ಸು ಹತ್ತಲು, ಚಾಪೆಯನ್ನು ಸುತ್ತಿ ತಲೆಯ ಮೇಲಿಟ್ಟುಕೊಂಡು.